ವೈಮಾನಿಕರ ಗಡಿಯಾರವನ್ನು ಕೊಳ್ಳುವ ಮುನ್ನ



ಹೊತ್ತೆಷ್ಟಾಯಿತೆಂದು ತಿಳಿಯುವುದಕ್ಕೆ ಇಂದು ಕೈಗಡಿಯಾರವೇ ಬೇಕೆಂದೇನೂ ಇಲ್ಲ. ಜೇಬಿನ ಮೊಬೈಲು ಆ ಕೆಲಸವನ್ನು ಬಹು ನಿಖರವಾಗಿ ಮಾಡುತ್ತದೆ. ಹಾಗಿದ್ದೂ ಗಡಿಯಾರದ ಮೇಲಣ ಮೋಹ ಜನರಲ್ಲಿ ಕುಂದಿಲ್ಲ. ಅದರಲ್ಲಿಯೂ ಕಪ್ಪು ಡಯಲ್ಲಿನ ಮೇಲೆ ದಪ್ಪನೆಯ ಬಿಳಿಯ ಅಂಕಿಗಳನ್ನೂ, ಪಕ್ಕದಲ್ಲಿ ಎರಡು ಒತ್ತುಗುಂಡಿಗಳನ್ನೂ, ಮುಖದಲ್ಲಿ ಎರಡು ಮೂರು ಕಿರಿಯ ವೃತ್ತಗಳನ್ನೂ ಧರಿಸಿ, ವಿಮಾನ ಚಾಲಕರ ಗಡಿಯಾರವೆಂದು ಹೆಸರಾದ ಕ್ರೋನೋಗ್ರಾಫ್ ಎಂಬ ಜಾತಿಯ ಮೇಲೆ ತರುಣರಿಗಿರುವ ಆಕರ್ಷಣೆ ವಿಶೇಷವಾದುದು. ಒಂದು ಕಾಲಕ್ಕೆ ಉಳ್ಳವರ ಸೊತ್ತಾಗಿದ್ದ ಈ ವಸ್ತುವನ್ನು ಇಂದು ಸಣ್ಣ ಸಣ್ಣ ತಯಾರಕರು ಸಾಮಾನ್ಯ ಸಂಬಳಗಾರನ ಕೈಗೆಟಕುವ ಬೆಲೆಗೆ ಒದಗಿಸುತ್ತಿದ್ದಾರೆ. ಹೊಸಕೋಟೆಯ ಮಗ್ಗುಲಿನ ಪಿಲ್ಲಗುಂಪೆಯ ಕೈಗಾರಿಕಾ ಪ್ರದೇಶದಲ್ಲಿ ಪಾಳಿಯ ಕೆಲಸ ಮಾಡುವ ತರುಣನೊಬ್ಬನು ಬೋನಸ್ಸಿನ ಹಣವನ್ನು ಕೈಯಲ್ಲಿ ಹಿಡಿದು, ಇಂಥದೊಂದನ್ನು ಕೊಳ್ಳಲೋ ಬೇಡವೋ ಎಂದು ಯೋಚಿಸುತ್ತಿರುವನೆಂದು ಇಟ್ಟುಕೊಳ್ಳೋಣ. ಅವನಿಗೆ ಹೇಳಬೇಕಾದ ಮಾತುಗಳೇ ಈ ದಿನದ ಭಾಷಣದ ವಸ್ತು.

ಸಾಮಾನ್ಯ ಗಡಿಯಾರವು ಈಗ ಎಷ್ಟು ಹೊತ್ತೆಂಬುದನ್ನು ಮಾತ್ರ ತಿಳಿಸುತ್ತದೆ. ಕ್ರೋನೋಗ್ರಾಫ್ ಅದರ ಜೊತೆಗೆ, ಒಂದು ಕಾರ್ಯಕ್ಕೆ ಎಷ್ಟು ಹೊತ್ತು ಹಿಡಿಯಿತೆಂಬುದನ್ನೂ ಅಳೆದು ಕೊಡುತ್ತದೆ. ಮೇಲಣ ಗುಂಡಿಯನ್ನು ಒತ್ತಿದರೆ ನಡುವಿನ ಉದ್ದನೆಯ ತೆಳು ಮುಳ್ಳು ಓಡತೊಡಗುತ್ತದೆ. ಮತ್ತೊಮ್ಮೆ ಒತ್ತಿದರೆ ನಿಲ್ಲುತ್ತದೆ. ಕೆಳಗಣ ಗುಂಡಿಯನ್ನು ಒತ್ತಿದೊಡನೆ ಥಟ್ಟನೆ ಸೊನ್ನೆಗೆ ಹಿಂದಿರುಗುತ್ತದೆ. ಅಷ್ಟರಲ್ಲಿ ಕಳೆದ ನಿಮಿಷಗಳ ಲೆಕ್ಕವನ್ನು ಒಂದು ಕಿರಿಯ ವೃತ್ತ ಇಟ್ಟಿರುತ್ತದೆ. ಈ ಯಾವುದೂ ದಿನದ ಹೊತ್ತನ್ನು ತೋರಿಸುವ ಮುಳ್ಳುಗಳ ನಡಿಗೆಗೆ ಅಡ್ಡಿಯಾಗದು.

ಈ ಕಲ್ಪನೆ ಹೊಸದಲ್ಲ. ಫ್ರಾನ್ಸಿನ ಲೂಯಿ ಮೊಯ್ನೆ ಎಂಬಾತನು ಖಗೋಳ ವೀಕ್ಷಣೆಗಾಗಿ 1816ರಲ್ಲಿಯೇ ಇಂಥ ಯಂತ್ರವೊಂದನ್ನು ರಚಿಸಿದ್ದನು. 1821ರಲ್ಲಿ ನಿಕೊಲಾ ರಿಯೂಸೆಕ್ ಎಂಬ ಗಡಿಯಾರಗಾರನು ಪ್ಯಾರಿಸ್ಸಿನ ಕುದುರೆಪಂದ್ಯದಲ್ಲಿ, ಒಂದೊಂದು ಕುದುರೆ ಗುರಿ ಮುಟ್ಟಿದಾಗಲೂ ತಿರುಗುವ ಡಯಲ್ಲಿನ ಮೇಲೆ ಶಾಯಿಯ ಚುಕ್ಕೆಯನ್ನಿಡುವ ಯಂತ್ರವನ್ನು ಪ್ರಯೋಗಿಸಿದನು. ಇಪ್ಪತ್ತನೆಯ ಶತಮಾನದಲ್ಲಿ ಈ ಯಂತ್ರ ಜೇಬಿನಿಂದ ಮಣಿಕಟ್ಟಿಗೆ ಬಂದಿತು. ವಿಮಾನದ ಯುಗ ಅದನ್ನು ತನ್ನದನ್ನಾಗಿ ಮಾಡಿಕೊಂಡಿತು.

ವೈಮಾನಿಕರಿಗೆ ಇದರಿಂದ ಏನು ಪ್ರಯೋಜನವಾಯಿತೆಂಬುದು ವಿಚಾರಯೋಗ್ಯ. ರೇಡಿಯೋ ಸಂಕೇತಗಳಾಗಲೀ ಉಪಗ್ರಹಗಳಾಗಲೀ ದಾರಿ ತೋರಿಸದಿದ್ದ ಕಾಲದಲ್ಲಿ, ಮೋಡದ ನಡುವೆ ಸಿಕ್ಕಿದ ಚಾಲಕನಿಗೆ ತಾನು ಎಲ್ಲಿರುವೆನೆಂಬುದನ್ನು ತಿಳಿಯುವುದಕ್ಕಿದ್ದ ಉಪಾಯವೆಂದರೆ, ಗುರುತಿನ ಸ್ಥಳವೊಂದನ್ನು ದಾಟಿದ ಕ್ಷಣದಿಂದ ಎಷ್ಟು ಹೊತ್ತು, ಯಾವ ದಿಕ್ಕಿಗೆ, ಯಾವ ವೇಗದಲ್ಲಿ ಹಾರಿದೆನೆಂದು ಲೆಕ್ಕ ಹಾಕುವುದು. ವಿಮಾನವನ್ನು ಸೆಕೆಂಡಿಗೆ 3 ಡಿಗ್ರಿಯಂತೆ ತಿರುಗಿಸುವುದು ಇಂದಿಗೂ ಹಾರಾಟದ ಶಾಲೆಗಳಲ್ಲಿ ಕಲಿಸುವ ಪದ್ಧತಿ. ಆ ಪ್ರಕಾರ ಪೂರ್ವದಿಂದ ದಕ್ಷಿಣಕ್ಕೆ ಮುಖ ತಿರುಗಿಸಲು 30 ಸೆಕೆಂಡು, ಪೂರ್ಣ ಸುತ್ತಿಗೆ 2 ನಿಮಿಷ. ದಿಕ್ಸೂಚಿ ತೊನೆದಾಡುತ್ತಿರುವಾಗ ಸೆಕೆಂಡಿನ ಮುಳ್ಳೇ ದಿಕ್ಕನ್ನು ಹೇಳುತ್ತದೆ. ಕೈಗವಸು ತೊಟ್ಟ ಬೆರಳಿಗೂ ಸಿಕ್ಕಲೆಂದು ಕೀ ಕೊಡುವ ತಿರುಪನ್ನು ದೊಡ್ಡದಾಗಿ ಮಾಡಿದರು. ಅರೆಗತ್ತಲೆಯಲ್ಲಿಯೂ ಮೇಲು ಯಾವುದು ಕೆಳಗು ಯಾವುದೆಂದು ತಿಳಿಯಲೆಂದು 12ರ ಸ್ಥಾನದಲ್ಲಿ ತ್ರಿಕೋನವನ್ನು ಬರೆದರು. ಇಂದು ಅಲಂಕಾರವಾಗಿ ಕಾಣುವ ಈ ಲಕ್ಷಣಗಳು ಒಂದು ಕಾಲದ ಅಗತ್ಯಗಳಾಗಿದ್ದುವು.

ಆದರೆ ನಮ್ಮ ಪಿಲ್ಲಗುಂಪೆಯ ತರುಣನು ವಿಮಾನವನ್ನು ನಡೆಸುವವನಲ್ಲವಲ್ಲ, ಅವನಿಗೇಕೆ ಇದು ಎಂದು ನೀವು ಕೇಳಬಹುದು. ಅದಕ್ಕೆ ಉತ್ತರವಿದೆ. ಹಲವು ಕ್ರೋನೋಗ್ರಾಫುಗಳ ಡಯಲ್ಲಿನ ಅಂಚಿನಲ್ಲಿ ಟ್ಯಾಕಿಮೀಟರ್ ಎಂಬ ಅಂಕಿಗಳ ಸಾಲೊಂದಿರುತ್ತದೆ; ಕೊಂಡವರಲ್ಲಿ ಬಹುಮಂದಿ ಅದನ್ನು ಒಮ್ಮೆಯೂ ಬಳಸಿರುವುದಿಲ್ಲ. ಒಂದು ಗಂಟೆಯ 3600 ಸೆಕೆಂಡುಗಳನ್ನು ಮುಳ್ಳು ಓಡಿದ ಸೆಕೆಂಡುಗಳಿಂದ ಭಾಗಿಸಿ ಉತ್ತರವನ್ನು ಸಿದ್ಧವಾಗಿ ಬರೆದಿಟ್ಟಿರುವ ಸಾಲು ಅದು. ಕೋಲಾರದ ಹೆದ್ದಾರಿಯಲ್ಲಿ ಒಂದು ಕಿಲೋಮೀಟರ್ ಕಲ್ಲಿನಿಂದ ಮುಂದಿನ ಕಲ್ಲಿಗೆ ಬಸ್ಸು 45 ಸೆಕೆಂಡು ತೆಗೆದುಕೊಂಡರೆ ಮುಳ್ಳಿನ ಎದುರಿಗೆ 80 ಎಂದಿರುತ್ತದೆ. ಗಂಟೆಗೆ 80 ಕಿಲೋಮೀಟರ್ ವೇಗವೆಂದು ಅರ್ಥ. ಲೇತಿನ ಮೇಲೆ ಒಂದು ಜಾಬನ್ನು ಕಟ್ಟಿ, ಕಡೆದು, ಬಿಚ್ಚಿ ಟ್ರೇಗೆ ಹಾಕುವುದಕ್ಕೆ 36 ಸೆಕೆಂಡು ಹಿಡಿದರೆ ಮುಳ್ಳು 100ನ್ನು ತೋರಿಸುತ್ತದೆ. ಗಂಟೆಗೆ ನೂರು ಜಾಬು. ಸೂಪರ್‌ವೈಸರು ಹೇಳುವ ಟಾರ್ಗೆಟ್ಟು ನ್ಯಾಯವಾದುದೋ ಅಲ್ಲವೋ ಎಂಬುದನ್ನು ಕೆಲಸಗಾರನು ಕಾಗದ ಪೆನ್ಸಿಲುಗಳಿಲ್ಲದೆ ಅಲ್ಲಿಯೇ ಅರಿಯಬಹುದು. ಒಂದು ನಿಮಿಷವನ್ನು ಮೀರಿದ ಕೆಲಸಕ್ಕೆ ಈ ಸಾಲು ಸಲ್ಲದೆಂಬುದನ್ನು ಮಾತ್ರ ನೆನಪಿನಲ್ಲಿಡತಕ್ಕದ್ದು.

ಇನ್ನು ಒಳಗಣ ಯಂತ್ರ. ಗಡಿಯಾರ ರಿಪೇರಿ ಮಾಡುವವರು ಇದನ್ನು ಮಷೀನು ಎಂದೇ ಕರೆಯುವುದುಂಟು. ಸದಾ ತಿರುಗುತ್ತಿರುವ ಸೆಕೆಂಡಿನ ಚಕ್ರಕ್ಕೂ, ಸುಮ್ಮನೆ ನಿಂತಿರುವ ಕ್ರೋನೋಗ್ರಾಫಿನ ಚಕ್ರಕ್ಕೂ ನಡುವೆ ಒಂದು ಸಣ್ಣ ಚಕ್ರ. ಗುಂಡಿಯನ್ನು ಒತ್ತಿದಾಗ ಇದು ಸರಿದು ಎರಡನ್ನೂ ಕೂಡಿಸುತ್ತದೆ. ಮುಳ್ಳು ಸೊನ್ನೆಗೆ ಮರಳುವ ಬಗೆ ಇನ್ನೂ ರಮಣೀಯವಾದುದು. ಮುಳ್ಳಿನ ಅಚ್ಚಿಗೆ ಹೃದಯಾಕಾರದ ಒಂದು ಉಕ್ಕಿನ ತುಣುಕನ್ನು ಜೋಡಿಸಿರುತ್ತಾರೆ. ಕೆಳಗಣ ಗುಂಡಿಯನ್ನು ಒತ್ತಿದರೆ ಪುಟ್ಟ ಸುತ್ತಿಗೆಯೊಂದು ಅದರ ಮೇಲೆ ಬೀಳುತ್ತದೆ. ಆ ಆಕೃತಿಯ ಯಾವ ಭಾಗದ ಮೇಲೆ ಬಿದ್ದರೂ ಅದು ಜಾರಿ ಜಾರಿ ಹೃದಯದ ತಗ್ಗಿಗೇ ಬಂದು ನಿಲ್ಲಬೇಕು. ತಗ್ಗಿಗೆ ಬಂದಿತೆಂದರೆ ಮುಳ್ಳು ಸೊನ್ನೆಯಲ್ಲಿರಬೇಕು. ಆದುದರಿಂದ, ಸೊನ್ನೆಗೆ ಮರಳಿದ ಮುಳ್ಳು 12ರ ನೇರಕ್ಕೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ನಿಲ್ಲುವುದೋ ಇಲ್ಲವೋ ಎಂಬುದು, ಕೊಳ್ಳುವವನು ಗಡಿಯಾರ ಕೈಗೆ ಬಂದೊಡನೆ ಮಾಡಬೇಕಾದ ಪ್ರಥಮ ಪರೀಕ್ಷೆ.

ಕಡಿಮೆ ಬೆಲೆಯ ಗಡಿಯಾರಗಳಲ್ಲಿ ಸಾಮಾನ್ಯವಾಗಿ ದೊರೆಯುವ ಯಂತ್ರಗಳು ಮೂರು ಬಗೆ. ಮೊದಲನೆಯದು ಸೆಲ್ಲಿನಿಂದ ನಡೆಯುವ ಕ್ವಾರ್ಟ್ಜ್. ಇದರ ಹರಳು ಸೆಕೆಂಡಿಗೆ 32,768 ಬಾರಿ ಕಂಪಿಸುವುದರಿಂದ ಕಾಲ ತಪ್ಪುವುದು ಅತಿ ಸ್ವಲ್ಪ, ಬೆಲೆಯೂ ಸುಲಭ. ಎರಡನೆಯದು ಮೆಕಾ-ಕ್ವಾರ್ಟ್ಜ್, ಕಾಲವನ್ನು ಸೆಲ್ಲು ನಡೆಸಿದರೂ, ಮುಳ್ಳನ್ನು ಸೊನ್ನೆಗೆ ತರುವ ಕೆಲಸಕ್ಕೆ ಈಗ ಹೇಳಿದ ಸುತ್ತಿಗೆ ಮತ್ತು ಹೃದಯಗಳೇ ಇರುತ್ತವೆ. ಜಪಾನಿನ ಸೈಕೋ ಬಳಗದ ವಿಕೆ 63, ವಿಕೆ 64 ಎಂಬ ಯಂತ್ರಗಳು ಈ ವರ್ಗದವು. ಸಣ್ಣ ತಯಾರಕರಿಗೆ ಬಹು ಪ್ರಿಯವಾದವು. ಮೂರನೆಯದು ಕೀ ಕೊಡುವ ಪೂರ್ಣ ಯಾಂತ್ರಿಕ ಬಗೆ. ಇದರಲ್ಲಿ ಅಗ್ಗದ ಬೆಲೆಗೆ ಸಿಕ್ಕುವುದೆಂದರೆ ಚೀನಾದ ತಿಯಾಂಜಿನ್ ನಗರದ ಸೀ-ಗಲ್ ಕಾರ್ಖಾನೆಯ ಎಸ್‌ಟಿ 19. ಸ್ವಿಟ್ಜರ್ಲೆಂಡಿನ ಇದೇ ತರಗತಿಯ ಯಾಂತ್ರಿಕ ಗಡಿಯಾರಗಳ ಬೆಲೆ ಲಕ್ಷವನ್ನು ಸುಲಭವಾಗಿ ದಾಟುವುದರಿಂದ ಅವನ್ನು ಇಲ್ಲಿ ಬಿಟ್ಟಿದ್ದೇನೆ.

ಈ ಎಸ್‌ಟಿ 19ರ ವಂಶಚರಿತ್ರೆ ಸ್ವಾರಸ್ಯವಾದುದು. ಸ್ವಿಟ್ಜರ್ಲೆಂಡಿನ ವೀನಸ್ ಎಂಬ ಸಂಸ್ಥೆ ತನ್ನ 175ನೆಯ ಮಾದರಿಯ ಯಂತ್ರವನ್ನು ತಯಾರಿಸುತ್ತಿದ್ದ ಉಪಕರಣಗಳನ್ನು ಮಾರಿದಾಗ, ತನ್ನ ವಾಯುಪಡೆಗೆ ಗಡಿಯಾರ ಬೇಕಾಗಿದ್ದ ಚೀನಾ 1961ರಲ್ಲಿ ಅವನ್ನು ಕೊಂಡುಕೊಂಡಿತು. ಅದೇ 1961ರಲ್ಲಿ ನಮ್ಮ ಬೆಂಗಳೂರಿನ ಜಾಲಹಳ್ಳಿಯಲ್ಲಿ ಹಿಂದೂಸ್ಥಾನ್ ಮೆಷೀನ್ ಟೂಲ್ಸ್ (ಎಚ್‌ಎಂಟಿ) ಸಂಸ್ಥೆ ಜಪಾನಿನ ಸಿಟಿಜನ್ ಕಂಪನಿಯ ನೆರವಿನಿಂದ ಕೈಗಡಿಯಾರದ ಕಾರ್ಖಾನೆಯನ್ನು ಆರಂಭಿಸಿತು. ಎರಡು ದೇಶಗಳೂ ಪರರಿಂದ ಕಲಿತು, ಕಲಿತುದನ್ನು ತಮ್ಮದನ್ನಾಗಿ ಮಾಡಿಕೊಂಡುವು. ಎಚ್‌ಎಂಟಿಯ ಜನತಾ, ಜವಾನ್, ಪೈಲಟ್ ಎಂಬ ಗಡಿಯಾರಗಳು ನಾಡಿನ ಮನೆಮನೆಗಳಿಗೂ ಹೋದುವು. ಕಪ್ಪು ಮುಖದ ಆ ಪೈಲಟ್ಟು ಕ್ರೋನೋಗ್ರಾಫಲ್ಲ. ಕೀ ಕೊಟ್ಟರೆ ಗಂಟೆಗೆ 18,000 ಮಿಡಿತಗಳಲ್ಲಿ ನಡೆಯುವ ಸರಳ ಗಡಿಯಾರ. ಆದರೂ ಅಗ್ಗದ ವೈಮಾನಿಕ ಗಡಿಯಾರವೆಂದರೆ ಕನ್ನಡಿಗರಿಗೆ ಮೊದಲು ಹೊಳೆಯುವ ಹೆಸರು ಅದೇ. ಎಚ್‌ಎಂಟಿಯ ಗಡಿಯಾರ ಕಂಪನಿಯನ್ನು ಮುಚ್ಚಲು ಕೇಂದ್ರ ಸರ್ಕಾರ 2016ರಲ್ಲಿ ತೀರ್ಮಾನಿಸಿತು. ಈಗ ಹಳೆಯ ಪೈಲಟ್ಟನ್ನು ಅರಸುವವರು, ಹೊಸದಾಗಿ ಬಣ್ಣ ಬಳಿದ ಡಯಲ್ಲನ್ನು ಹಾಕಿ ಮೂಲದ್ದೆಂದು ಮಾರುವವರಿರುವರೆಂಬುದನ್ನು ಮರೆಯಬಾರದು.

ಜಾಲಹಳ್ಳಿಯ ಪರಂಪರೆ ಅಲ್ಲಿಗೇ ನಿಲ್ಲಲಿಲ್ಲ. ನಿರೂಪೇಶ್ ಜೋಶಿ ಮತ್ತು ಮರ್ಸಿ ಅಮಲ್‌ರಾಜ್ ಎಂಬ ದಂಪತಿಗಳು ಆರಂಭಿಸಿದ ಬೆಂಗಳೂರು ವಾಚ್ ಕಂಪನಿಯ ಗಡಿಯಾರಗಳು 2018ರಿಂದ ಮಾರುಕಟ್ಟೆಯಲ್ಲಿವೆ. 1963ರಿಂದ 2025ರವರೆಗೆ ನಮ್ಮ ವಾಯುಪಡೆಯಲ್ಲಿ ಸೇವೆ ಸಲ್ಲಿಸಿದ ಮಿಗ್-21 ವಿಮಾನದ ಸ್ಮರಣೆಗೆ ಇವರು ಮ್ಯಾಕ್ 1 ಎಂಬ ಗಡಿಯಾರವನ್ನು ರೂಪಿಸಿದರು. ಅದೂ ಕ್ರೋನೋಗ್ರಾಫಲ್ಲ, ನಮ್ಮ ತರುಣನ ಬೋನಸ್ಸಿಗೆ ನಿಲುಕುವ ಬೆಲೆಯದೂ ಅಲ್ಲ. ಆದರೆ ಸಣ್ಣ ತಯಾರಕನ ಕೆಲಸವೆಂದರೇನು ಎಂಬುದು ಅದರಿಂದ ತಿಳಿಯುತ್ತದೆ: ಯಂತ್ರ ಸ್ವಿಟ್ಜರ್ಲೆಂಡಿನದು, ಕಲ್ಪನೆ, ವಿನ್ಯಾಸ ಇಲ್ಲಿಯವು. ಒಳ್ಳೆಯ ದರ್ಜಿಯು ಬಟ್ಟೆಯನ್ನು ತಾನೇ ನೇಯುವುದಿಲ್ಲ. ಬಟ್ಟೆಯನ್ನು ಆರಿಸಿ, ಅಳತೆಗೆ ಕತ್ತರಿಸಿ ಹೊಲಿಯುವುದರಲ್ಲಿಯೇ ಅವನ ಜಾಣ್ಮೆಯಿರುವುದು. ಪರರ ಯಂತ್ರವನ್ನು ಹಾಕಿರುವುದು ಸಣ್ಣ ತಯಾರಕನಿಗೆ ಕುಂದಲ್ಲ. ಅದನ್ನು ಮರೆಮಾಚುವುದು ಕುಂದು.

ಆದಕಾರಣ ಕೊಳ್ಳುವವನು ಮೊದಲು ಕೇಳತಕ್ಕ ಪ್ರಶ್ನೆ, ಒಳಗಿರುವ ಯಂತ್ರದ ಹೆಸರು ಮತ್ತು ಸಂಖ್ಯೆ ಏನು ಎಂಬುದು. ಬರಿದೆ ಜಪಾನಿನ ಯಂತ್ರವೆಂದೋ ಉತ್ತಮ ಯಂತ್ರವೆಂದೋ ಹೇಳಿ ಸಂಖ್ಯೆಯನ್ನು ನುಂಗಿಕೊಳ್ಳುವವನಿಂದ ದೂರವಿರುವುದು ಲೇಸು. ಎರಡನೆಯದು, ಕೆಟ್ಟರೆ ರಿಪೇರಿ ಎಲ್ಲಿ ಎಂಬುದು. ಎಚ್‌ಎಂಟಿಯನ್ನು ಬಿಚ್ಚಿ ಕೂಡಿಸುವ ರಿಪೇರಿಯವರು ತಾಲ್ಲೂಕು ಕೇಂದ್ರಗಳಲ್ಲಿಯೂ ಸಿಕ್ಕುತ್ತಾರೆ. ಯಾಂತ್ರಿಕ ಕ್ರೋನೋಗ್ರಾಫನ್ನು ಮುಟ್ಟಬಲ್ಲವರು ಬೆಂಗಳೂರಿನಂಥ ನಗರದಲ್ಲಿಯೂ ಸ್ವಲ್ಪ ಮಂದಿ. ನಾಲ್ಕೈದು ವರ್ಷಕ್ಕೊಮ್ಮೆ ಎಣ್ಣೆ ಆರಿದಾಗ ಅದನ್ನು ಬಿಚ್ಚಿ ತೊಳೆಯಿಸುವ ವೆಚ್ಚವನ್ನೂ ಬೆಲೆಯೊಳಗೆ ಸೇರಿಸಿಯೇ ಲೆಕ್ಕ ಹಾಕಬೇಕು. ಮೆಕಾ-ಕ್ವಾರ್ಟ್ಜ್ ಆದರೋ, ಕೆಟ್ಟರೆ ಇಡೀ ಯಂತ್ರವನ್ನೇ ತೆಗೆದು ಹೊಸದನ್ನು ಕೂರಿಸಬಹುದು. ಅದರ ಬೆಲೆ ಅಂಜಿಸುವಂಥದಲ್ಲ. ಮೂರನೆಯದು ಹಣದ ಮಾತು. ಸಣ್ಣ ತಯಾರಕರಲ್ಲಿ ಅನೇಕರು ಮುಂಗಡವಾಗಿ ಹಣ ಪಡೆದು ತಿಂಗಳುಗಳ ಬಳಿಕ ಸರಕನ್ನು ಕಳಿಸುತ್ತಾರೆ; ಪರದೇಶದಿಂದ ತರಿಸಿದರೆ ಸುಂಕವೂ ಮೇಲೆ ಬೀಳುತ್ತದೆ. ಹಿಂದಿರುಗಿಸುವ ನಿಯಮವನ್ನೂ ವಾರಂಟಿಯನ್ನೂ ಬರೆಹದಲ್ಲಿ ಪಡೆಯದೆ ಹಣ ಕಟ್ಟಬಾರದು.

ನೀರಿನ ವಿಷಯದಲ್ಲಿ ಭ್ರಾಂತಿ ಬಹಳ. ಹಿಂಬದಿಯಲ್ಲಿ 30 ಮೀಟರ್ ಎಂದು ಕೆತ್ತಿದ್ದರೆ ಅದನ್ನು ಕಟ್ಟಿಕೊಂಡು ಬಾವಿಗೆ ಧುಮುಕಬಹುದೆಂದು ಅರ್ಥವಲ್ಲ. ಮಳೆಯ ಹನಿಗೂ ಕೈತೊಳೆಯುವ ನೀರಿಗೂ ಅಂಜಬೇಕಾಗಿಲ್ಲವೆಂದಷ್ಟೇ ಅರ್ಥ. ನೀರಿನೊಳಗೆ ಗುಂಡಿಗಳನ್ನಂತೂ ಒತ್ತಲೇಬಾರದು. ಗಾಜು ಸೆಫೈರಿನದಾದರೆ ಉಕ್ಕಿನಿಂದ ಗೀರು ಬೀಳದು. ಆದರೆ ಸೆಫೈರ್ ಎಂಬುದು ಅಲ್ಯೂಮಿನಿಯಂ ಆಕ್ಸೈಡಿನ ಹರಳು, ಗ್ರೈಂಡಿಂಗ್ ಚಕ್ರದ ಮರಳೂ ಬಹುತೇಕ ಅದೇ ದ್ರವ್ಯ. ಆದುದರಿಂದ ಕಾರ್ಖಾನೆಯ ದೂಳು ಅದನ್ನೂ ಬಿಡದು.

ಇದಕ್ಕಿಂತ ದೊಡ್ಡ ಶತ್ರು ಕಾಂತಶಕ್ತಿ. ಸರ್ಫೇಸ್ ಗ್ರೈಂಡರಿನಲ್ಲಿ ಜಾಬನ್ನು ಹಿಡಿದಿಡುವ ಮ್ಯಾಗ್ನೆಟಿಕ್ ಚಕ್ಕಿನ ಬಳಿಗೆ ಯಾಂತ್ರಿಕ ಗಡಿಯಾರವನ್ನು ಒಯ್ದರೆ, ಕೂದಲಿನಂಥ ಅದರ ಸ್ಪ್ರಿಂಗು ಕಾಂತವಾಗಿ, ಸುರುಳಿಗಳು ಒಂದಕ್ಕೊಂದು ಅಂಟಿ, ಗಡಿಯಾರ ದಿನಕ್ಕೆ ಎಷ್ಟೋ ನಿಮಿಷ ಮುಂದೆ ಓಡತೊಡಗುತ್ತದೆ. ಕಾಂತವನ್ನು ತೆಗೆಯುವ ಸಣ್ಣ ಉಪಕರಣ ರಿಪೇರಿಯವರಲ್ಲಿರುತ್ತದೆ; ಕ್ಷಣಮಾತ್ರದ ಕೆಲಸ. ಇದನ್ನರಿಯದೆ ಗಡಿಯಾರ ಕೆಟ್ಟಿತೆಂದು ಕಂಗೆಡುವವರೇ ಹೆಚ್ಚು. ಇನ್ನು ತಿರುಗುವ ಯಂತ್ರದ ಮುಂದೆ ಗಡಿಯಾರ ಕಟ್ಟಿದ ಕೈಯನ್ನು ಚಾಚುವುದು ಪ್ರಾಣಕ್ಕೇ ಅಪಾಯ. ಲೇತಿನ ಮುಂದೆ ನಿಲ್ಲುವಾಗ ಅದನ್ನು ಬಿಚ್ಚಿ ದೂರ ಇಟ್ಟಿರಲೇಬೇಕು. ಕೆಲಸದ ಹೊತ್ತನ್ನು ಅಳೆಯುವುದಿದ್ದರೆ ಪಕ್ಕದಲ್ಲಿ ನಿಂತವನು ಅಳೆಯಲಿ.

ಹಾಗಾದರೆ ನಮ್ಮ ತರುಣನು ಏನು ಮಾಡಬೇಕು? ದಿನವೂ ಕಟ್ಟಿಕೊಂಡು ಪಾಳಿಗೆ ಹೋಗುವುದಕ್ಕಾದರೆ ಮೆಕಾ-ಕ್ವಾರ್ಟ್ಜಿನದೇ ಯೋಗ್ಯವೆಂದು ನನ್ನ ಅಭಿಪ್ರಾಯ. ಬೆವರಿಗೂ ಎಣ್ಣೆಗೂ ಚರ್ಮದ ಬೆಲ್ಟು ಬಾಳದಾದುದರಿಂದ ನೈಲಾನಿನ ಪಟ್ಟಿಯೊಂದನ್ನು ಹಾಕಿಸಿಕೊಂಡರೆ ಮತ್ತಾವ ಉಪಚಾರವೂ ಬೇಡ. ಯಂತ್ರದ ಚೆಲುವನ್ನೇ ಮೆಚ್ಚಿ, ಬೆಳಗಾಗೆದ್ದು ಕೀ ಕೊಡುವುದರಲ್ಲಿ ಸಂತೋಷ ಕಾಣುವವನಾದರೆ, ರಿಪೇರಿಯವನನ್ನು ಮೊದಲು ಹುಡುಕಿಟ್ಟುಕೊಂಡು ಆಮೇಲೆ ಎಸ್‌ಟಿ 19ನ್ನು ಕೊಳ್ಳಲಿ. ಇವೆರಡರಲ್ಲಿ ಯಾವುದನ್ನು ಕೊಂಡರೂ ಸಾಲಮಾಡಿ ಕೊಳ್ಳದಿರಲಿ. ಮತ್ತು ಕೊಂಡ ಮೇಲೆ ಆ ಎರಡು ಗುಂಡಿಗಳನ್ನು ಸುಮ್ಮನೆ ಬಿಡದೆ, ಏನನ್ನಾದರೂ ಅಳೆಯುವುದಕ್ಕೆ ಬಳಸಲಿ. ಅಳೆಯುವ ಕೆಲಸವೊಂದೂ ತನಗಿಲ್ಲವೆಂದು ತೋರಿದರೆ, ಮೂರು ಮುಳ್ಳಿನ ಸರಳವಾದ ಗಡಿಯಾರ ಅದರ ಅರ್ಧ ಬೆಲೆಗೆ ಸಿಕ್ಕುತ್ತದೆ. ಅದನ್ನೇ ಕೊಳ್ಳುವುದು ವಿವೇಕ.