ಖತ್ನಾದ ಬಳಿಕದ ಹದಿನೈದು ದಿನಗಳು

ಭದ್ರಾವತಿಯಲ್ಲಿ ಹೆತ್ತವರ ಸಭೆಯೊಂದರಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ



ಇಂದಿನ ವಿಷಯವನ್ನು ಕೇಳಿ ಕೆಲವರು ಮುಗುಳ್ನಕ್ಕುದನ್ನು ಗಮನಿಸಿದೆ. ಖತ್ನಾ, ಸುನ್ನತ್, ಮುಂಜಿ ಎಂದು ಮನೆಗೊಂದು ಹೆಸರಿರುವ ಈ ಕರ್ಮದ ಬಗ್ಗೆ ನಮ್ಮಲ್ಲಿ ಮಾತಿಗೆ ಬರವಿಲ್ಲ. ಶಾಫಿಈಗಳು ವಾಜಿಬ್ ಎನ್ನುತ್ತಾರೆ, ಹನಫಿಗಳು ಸುನ್ನತ್ ಎನ್ನುತ್ತಾರೆ, ಆ ಚರ್ಚೆಗೆ ಶತಮಾನಗಳ ಇತಿಹಾಸವಿದೆ. ಔತಣಕ್ಕೆ ಎಷ್ಟು ಜನರನ್ನು ಕರೆಯಬೇಕು, ಹುಡುಗನಿಗೆ ಎಂತಹ ಶೇರ್ವಾನಿ ಹೊಲಿಸಬೇಕು ಎಂಬುದೂ ವಾರಗಟ್ಟಲೆ ಚರ್ಚೆಯಾಗುತ್ತದೆ. ಆದರೆ ಕತ್ತರಿಯನ್ನು ಕೆಳಗಿಟ್ಟ ನಂತರ ಆ ಮಗುವಿನ ಮೈಯಲ್ಲಿ ಉಳಿಯುವ ಗಾಯದ ಬಗ್ಗೆ ಯಾರು ಮಾತಾಡುತ್ತಾರೆ? ವೈದ್ಯರು ತಂದೆಗೆ ಎರಡು ಮಾತು ಹೇಳುತ್ತಾರೆ. ಅತಿಥಿಗಳನ್ನು ವಿಚಾರಿಸುವ ಗಡಿಬಿಡಿಯಲ್ಲಿ ತಂದೆ ಅರ್ಧವನ್ನು ಮರೆಯುತ್ತಾನೆ. ಉಳಿದರ್ಧ ಮನೆ ತಲುಪುವಷ್ಟರಲ್ಲಿ ಅಜ್ಜಿಯ ಹಳೆಯ ಪದ್ಧತಿಯೊಂದಿಗೆ ಬೆರೆತುಹೋಗುತ್ತದೆ. ಗಾಯವನ್ನು ತೊಳೆಯುವವಳು, ರಾತ್ರಿ ಎದ್ದು ಪಟ್ಟಿ ನೋಡುವವಳು ತಾಯಿ. ಆದರೆ ವೈದ್ಯರ ಸೂಚನೆ ಅವಳ ಕಿವಿಗೆ ಬಿದ್ದೇ ಇರುವುದಿಲ್ಲ. ಆದ್ದರಿಂದ ನಾನಿಂದು ಮುಖ್ಯವಾಗಿ ಪರದೆಯ ಆಚೆಗೆ ಮಾತಾಡುತ್ತೇನೆ. ಗಂಡಸರು ಕೇಳಿಸಿಕೊಳ್ಳಲಿ.

ಮೊದಲ ದಿನದಿಂದಲೇ ಆರಂಭಿಸೋಣ. ಅರಿವಳಿಕೆಯ ಪ್ರಭಾವ ಕೆಲವೇ ಗಂಟೆಗಳಲ್ಲಿ ಇಳಿಯುತ್ತದೆ. ಮಗು ಚೀರುವವರೆಗೆ ಕಾಯದೆ, ಅದಕ್ಕೂ ಮುಂಚೆಯೇ ವೈದ್ಯರು ತೂಕ ನೋಡಿ ಹೇಳಿದಷ್ಟು ಪ್ಯಾರಾಸಿಟಮಾಲ್ ಕೊಡಬೇಕು. ಮಕ್ಕಳಿಗೆ ಆಸ್ಪಿರಿನ್ ಕೂಡದು. ಪಟ್ಟಿಯನ್ನು ಸಾಮಾನ್ಯವಾಗಿ ಒಂದೆರಡು ದಿನಗಳಲ್ಲಿ ತೆಗೆಯಲು ಹೇಳುತ್ತಾರೆ. ಅದು ಅಂಟಿಕೊಂಡಿದ್ದರೆ ಎಳೆಯಬೇಡಿ. ಕುದಿಸಿ ಆರಿಸಿದ ಉಗುರುಬೆಚ್ಚಗಿನ ನೀರಿನಿಂದ ನೆನೆಸಿ, ಅದು ತಾನಾಗಿ ಸಡಿಲವಾಗಲಿ. ವ್ಯಾಸಲೀನನ್ನೋ ವೈದ್ಯರು ಬರೆದುಕೊಟ್ಟ ಮುಲಾಮನ್ನೋ ಧಾರಾಳವಾಗಿ ಹಚ್ಚಿದರೆ ಬಟ್ಟೆ ಅಂಟುವುದಿಲ್ಲ. ಮೂತ್ರ ಮಾಡುವಾಗ ಉರಿಯುತ್ತದೆಂದು ಹುಡುಗರು ನೀರನ್ನೇ ಕುಡಿಯದೆ ಕುಳಿತುಕೊಳ್ಳುತ್ತಾರೆ. ನೀರು ಕಡಿಮೆಯಾದಷ್ಟೂ ಉರಿ ಹೆಚ್ಚು. ಮೂತ್ರ ಮಾಡುವಾಗ ಬೆಚ್ಚಗಿನ ನೀರನ್ನು ಮೇಲಿನಿಂದ ಸುರಿದರೆ ಅರ್ಧ ನೋವು ಇಳಿಯುತ್ತದೆ.

ಎರಡನೆಯ, ಮೂರನೆಯ ದಿನ ಊತ ಹೆಚ್ಚಾಗಿ ಕಾಣುತ್ತದೆ. ಬಳಿಕ ಗಾಯದ ಮೇಲೆ, ತುದಿಯ ಭಾಗದಲ್ಲಿ ಬಿಳಿ-ಹಳದಿ ಮಿಶ್ರಿತ ತೆಳುಪೊರೆಯೊಂದು ಮೂಡುತ್ತದೆ. ಅತಿ ಹೆಚ್ಚು ಮನೆಗಳು ಗಾಬರಿಯಾಗುವುದು ಇದನ್ನು ಕಂಡೇ. ಕೀವೆಂದು ಭಾವಿಸಿ ಬಟ್ಟೆಯಿಂದ ಉಜ್ಜುತ್ತಾರೆ, ಡೆಟ್ಟಾಲ್ ಸುರಿಯುತ್ತಾರೆ, ಮಾಯುತ್ತಿದ್ದ ಗಾಯ ಮತ್ತೆ ಹಸಿಯಾಗುತ್ತದೆ. ತಾಯಂದಿರೇ, ಅದು ಮಾಯುವಿಕೆಯ ಲಕ್ಷಣ. ಕೀವಿಗೆ ದುರ್ವಾಸನೆ ಇರುತ್ತದೆ, ಜೊತೆಗೆ ಕೆಂಪು ದಿನೇ ದಿನೇ ಹರಡುತ್ತದೆ, ಜ್ವರ ಬರುತ್ತದೆ. ಈ ಪೊರೆಗೆ ಅವು ಯಾವುವೂ ಇಲ್ಲ. ಕರಗುವ ಹೊಲಿಗೆಗಳೂ ಹಾಗೆಯೇ, ಎರಡು ಮೂರು ವಾರಗಳಲ್ಲಿ ತಾವಾಗಿ ಉದುರುತ್ತವೆ. ಪ್ಲಾಸ್ಟಿಕ್ ರಿಂಗ್ ಹಾಕಿದ್ದರೆ ಅದು ಸಾಮಾನ್ಯವಾಗಿ ಒಂದು ವಾರದ ಆಸುಪಾಸಿನಲ್ಲಿ ಬೀಳುತ್ತದೆ. ಹತ್ತು ಹನ್ನೆರಡು ದಿನವಾದರೂ ಬೀಳದಿದ್ದರೆ ಅಥವಾ ಹಿಂದಕ್ಕೆ ಜಾರಿ ಬಿಗಿಯುತ್ತಿದ್ದರೆ ವೈದ್ಯರ ಬಳಿಗೆ ಹೋಗಬೇಕೇ ಹೊರತು ಮನೆಯ ಕತ್ತರಿಗೆ ಕೈಹಾಕಬಾರದು. ಶಿಶುಗಳಲ್ಲಿ ಗಾಯ ಹತ್ತು ದಿನಗಳೊಳಗೆ ಬಹುಮಟ್ಟಿಗೆ ಮಾಯುತ್ತದೆ, ದೊಡ್ಡ ಹುಡುಗರಿಗೆ ಎರಡು ಮೂರು ವಾರ ಬೇಕು. ಸೈಕಲ್ ಮತ್ತು ಕ್ರಿಕೆಟ್ ಇನ್ನೂ ಕೆಲವು ದಿನ ಕಾಯಲಿ.

ಇನ್ನು ನಮ್ಮ ಹಿರಿಯರ ಪದ್ಧತಿಗಳು. ಬಟ್ಟೆ ಗಾಯಕ್ಕೆ ತಾಗದಂತೆ ಮೇಲಿನಿಂದ ನೂಲು ಕಟ್ಟಿ ಲುಂಗಿಯನ್ನು ಎತ್ತಿ ಹಿಡಿಯುವ ಉಪಾಯ ಬಹಳ ಒಳ್ಳೆಯದು, ಅದನ್ನು ಬಿಡಬೇಕಾಗಿಲ್ಲ. ಆದರೆ ಸುಟ್ಟ ಬಟ್ಟೆಯ ಬೂದಿ, ಅರಿಶಿನದ ಪುಡಿ, ಎಣ್ಣೆ, ಇವು ಹಸಿ ಗಾಯದ ಹತ್ತಿರ ಸುಳಿಯಬಾರದು. ಬೂದಿ, ಮಣ್ಣುಗಳ ಮೂಲಕ ಧನುರ್ವಾಯುವಿನ ರೋಗಾಣು ಒಳಹೊಗುತ್ತದೆ. ಮಗುವಿಗೆ ಆರು, ಹತ್ತು, ಹದಿನಾಲ್ಕನೆಯ ವಾರಗಳ ಲಸಿಕೆಗಳೂ ನಂತರದ ಬೂಸ್ಟರ್‌ಗಳೂ ಆಗಿವೆಯೇ ಎಂದು ತಾಯಿ ಕಾರ್ಡನ್ನು ತೆಗೆದು ನೋಡಿ ದಿನಾಂಕ ನಿಗದಿ ಮಾಡಿ. ಪಥ್ಯದ ಹೆಸರಿನಲ್ಲಿ ಮೊಟ್ಟೆ, ಮೀನು, ಹಾಲು ನಿಲ್ಲಿಸುವುದೂ ಬೇಡ. ಗಾಯ ಮಾಯಲು ಪೌಷ್ಟಿಕ ಆಹಾರವೇ ಬೇಕಲ್ಲವೇ?

ಈಗ ಒಂದು ರಾತ್ರಿಯನ್ನು ಊಹಿಸಿಕೊಳ್ಳಿ. ಇದೇ ಭದ್ರಾವತಿಯ ಒಂದು ಮನೆ, ಹನ್ನೊಂದು ಗಂಟೆ. ಹಗಲಿನಲ್ಲಿ ಖತ್ನಾ ಆಗಿದೆ, ನೆಂಟರು ಹೊರಟುಹೋಗಿದ್ದಾರೆ, ಪಟ್ಟಿ ಒದ್ದೆಯಾಗಿದೆ. ಒಂದೆರಡು ರಕ್ತದ ಕಲೆಗಳಿಗೆ ಹೆದರಬೇಕಾಗಿಲ್ಲ. ತೊಟ್ಟಿಕ್ಕುತ್ತಿದ್ದರೆ ಶುದ್ಧವಾದ ಗಾಜ್ ಬಟ್ಟೆಯಿಂದ ಗಡಿಯಾರ ನೋಡಿ ಹತ್ತು ನಿಮಿಷ ಬಿಡದೆ ಒತ್ತಿಹಿಡಿಯಿರಿ, ನಡುನಡುವೆ ತೆಗೆದು ನೋಡಬೇಡಿ. ಆಗಲೂ ನಿಲ್ಲದಿದ್ದರೆ ಬೆಳಗಾಗಲಿ ಎನ್ನಬೇಡಿ. ಮೂರೂವರೆ ಕಿಲೋ ತೂಕದ ಶಿಶುವಿನ ಮೈಯಲ್ಲಿರುವ ಒಟ್ಟು ರಕ್ತ ಸುಮಾರು 300 ಮಿಲಿಲೀಟರ್ ಮಾತ್ರ. ಡೈಪರ್ ಎಷ್ಟನ್ನು ಹೀರಿಕೊಂಡಿದೆಯೆಂದು ಹೊರಗಿನಿಂದ ತಿಳಿಯುವುದಿಲ್ಲ. 108ಕ್ಕೆ ಕರೆ ಮಾಡಿ. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆ ಇಲ್ಲಿಂದ ಸುಮಾರು 20 ಕಿಲೋಮೀಟರ್. ಹತ್ತು ಹನ್ನೆರಡು ಗಂಟೆ ಮೂತ್ರವೇ ಬಾರದಿದ್ದರೆ, ತುದಿ ನೀಲಿ ಅಥವಾ ಕಪ್ಪು ಬಣ್ಣಕ್ಕೆ ತಿರುಗಿದರೆ, 100.4 ಡಿಗ್ರಿಗಿಂತ ಹೆಚ್ಚು ಜ್ವರ ಬಂದರೆ ಆಗಲೂ ಇದೇ ಮಾತು.

ಕೆಲವು ಮನೆಗಳಲ್ಲಿ ಈ ರಕ್ತ ನಿಲ್ಲದಿರುವುದಕ್ಕೆ ಕಾರಣ ಗಾಯದಲ್ಲಿ ಇರುವುದಿಲ್ಲ, ರಕ್ತದಲ್ಲೇ ಇರುತ್ತದೆ. ಕುಸುಮ ರೋಗ ಎಂದು ಕರೆಯುವ ಹಿಮೋಫಿಲಿಯಾ ತಾಯಿಯ ಕಡೆಯಿಂದ ಗಂಡುಮಕ್ಕಳಿಗೆ ಬರುತ್ತದೆ. ಸೋದರಮಾವನಿಗೋ ಚಿಕ್ಕಮ್ಮನ ಮಗನಿಗೋ ಹಲ್ಲು ಕೀಳಿಸಿದಾಗ, ಖತ್ನಾ ಮಾಡಿಸಿದಾಗ ದಿನಗಟ್ಟಲೆ ರಕ್ತ ಹರಿದಿತ್ತೇ, ಮಗುವಿನ ಮೈಯಲ್ಲಿ ಸುಮ್ಮಸುಮ್ಮನೆ ನೀಲಿ ಕಲೆಗಳು ಏಳುತ್ತವೆಯೇ ಎಂದು ಮೊದಲೇ ವಿಚಾರಿಸಬೇಕು. ಇದಕ್ಕೂ ಉತ್ತರ ಗೊತ್ತಿರುವುದು ತಾಯಿಗೆ, ಕೇಳುವುದು ಮಾತ್ರ ತಂದೆಯನ್ನು! ಸುಮಾರು ಸಾವಿರ ವರ್ಷಗಳ ಹಿಂದೆ ಕೊರ್ಡೋವಾದಲ್ಲಿ ಬಾಳಿದ ಶಸ್ತ್ರವೈದ್ಯ ಅಬುಲ್ ಕಾಸಿಂ ಅಝ್ಝಹ್ರಾವಿ, ಸಣ್ಣ ಗಾಯಕ್ಕೂ ರಕ್ತ ನಿಲ್ಲದೆ ಗಂಡಸರು ಸಾಯುತ್ತಿದ್ದ ಊರೊಂದರ ಬಗ್ಗೆ ತಮ್ಮ ‘ಅತ್ತಸ್ರೀಫ್’ ಗ್ರಂಥದಲ್ಲಿ ದಾಖಲಿಸಿದ್ದಾರೆ. ಖತ್ನಾವನ್ನೂ ಅವರು ಅದೇ ಗ್ರಂಥದಲ್ಲಿ ಶಸ್ತ್ರಚಿಕಿತ್ಸೆಯಾಗಿಯೇ ವಿವರಿಸಿದ್ದಾರೆ. ಇಂದು ನಮಗೆ ಕೊರ್ಡೋವಾದವರೆಗೆ ಹೋಗಬೇಕಾಗಿಲ್ಲ, ಕರ್ನಾಟಕ ಹಿಮೋಫಿಲಿಯಾ ಸೊಸೈಟಿ ನೆರೆಯ ದಾವಣಗೆರೆಯಲ್ಲೇ ಇದೆ. ಈ ರೋಗವಿರುವ ಮಗುವಿಗೂ ಸೂಕ್ತ ಸಿದ್ಧತೆಯೊಂದಿಗೆ ಆಸ್ಪತ್ರೆಯಲ್ಲಿ ಖತ್ನಾ ಮಾಡಿಸಲು ಸಾಧ್ಯ. ಮಗು ದುರ್ಬಲವಾಗಿದ್ದರೆ, ಪ್ರಾಣಾಪಾಯವಿದ್ದರೆ ಮುಂದೂಡಬಹುದೆಂದು ಕರ್ಮಶಾಸ್ತ್ರಜ್ಞರು ಹೇಳಿಯೇ ಇದ್ದಾರೆ. ಹಾಗೆಯೇ ಮೂತ್ರದ್ವಾರ ತುದಿಯಲ್ಲಿರದೆ ಕೆಳಭಾಗದಲ್ಲಿರುವ ಮಕ್ಕಳು ಹುಟ್ಟುತ್ತಾರೆ. ಮಲಕ್‌ಗಳೇ ಖತ್ನಾ ಮಾಡಿ ಕಳುಹಿಸಿದ್ದಾರೆ ಎಂದು ಸಂತೋಷಪಡುವವರೂ ಇದ್ದಾರೆ. ಅಂತಹ ಮಗುವಿನ ಮುಂದೊಗಲನ್ನು ತೆಗೆಸಬೇಡಿ, ಮುಂದೆ ಅದನ್ನು ಸರಿಪಡಿಸುವ ಶಸ್ತ್ರಚಿಕಿತ್ಸೆಗೆ ಆ ಚರ್ಮವೇ ಬೇಕಾಗಬಹುದು.

ಮಗುವಿನ ಮನಸ್ಸಿನ ಬಗ್ಗೆಯೂ ಒಂದು ಮಾತು. ಅಗೋ ಚಿನ್ನದ ಹಕ್ಕಿ ಎಂದು ಮೇಲೆ ತೋರಿಸಿ ಕೆಳಗೆ ಕತ್ತರಿಸುವ ಕಾಲ ಹೋಯಿತು ಎಂದುಕೊಂಡಿದ್ದೇವೆ, ಆದರೆ ಸುಳ್ಳು ಹೇಳಿ ಆಸ್ಪತ್ರೆಗೆ ಕರೆದೊಯ್ಯುವುದು ನಿಂತಿಲ್ಲ. ಆರು ವರ್ಷದ ಹುಡುಗನಿಗೆ ನಿಜ ಹೇಳಿದರೆ ಅರ್ಥವಾಗುತ್ತದೆ. ಬಂದ ನೆಂಟರೆಲ್ಲ ಲುಂಗಿ ಸರಿಸಿ ನೋಡಿ ಕೈಗೆ ನೂರು ರೂಪಾಯಿ ಇಡುವ ಕ್ರಮವಂತೂ ನನಗೆ ಸ್ವಲ್ಪವೂ ಹಿಡಿಸುವುದಿಲ್ಲ. ಹಯಾ ಎಂಬುದು ಮಗುವಿಗೂ ಇದೆ.

ಕೊನೆಗೆ ಉಚಿತ ಸಾಮೂಹಿಕ ಖತ್ನಾ ಶಿಬಿರಗಳ ವಿಷಯ. ನಾನು ಅವುಗಳ ವಿರೋಧಿಯಲ್ಲ. ಈ ಊರಿನ ಕಾಗದದ ಕಾರ್ಖಾನೆ ಉತ್ಪಾದನೆ ನಿಲ್ಲಿಸಿ ವರ್ಷಗಳಾದವು. ಕಬ್ಬಿಣದ ಕಾರ್ಖಾನೆಯನ್ನು ಮುಚ್ಚುವ ಮಾತು 2023ರಲ್ಲಿ ಕೇಳಿಬಂದಾಗ ಎಷ್ಟು ಮನೆಗಳಲ್ಲಿ ನಿದ್ದೆ ಹೋಯಿತೆಂದು ನಿಮಗೆ ಗೊತ್ತು. ಕೂಲಿಯನ್ನೇ ನಂಬಿದ ತಂದೆಗೆ ಶಿಬಿರವಲ್ಲದೆ ಬೇರೆ ದಾರಿಯಿಲ್ಲ. ಅದಕ್ಕಾಗಿಯೇ ಶಿಬಿರ ನಡೆಸುವವರ ಹೊಣೆ ಹೆಚ್ಚು. ವೈದ್ಯಕೀಯ ಜ್ಞಾನವಿಲ್ಲದೆ ಚಿಕಿತ್ಸೆಗೆ ಇಳಿದವನೇ ಅದರ ಹಾನಿಗೆ ಹೊಣೆಗಾರನೆಂಬ ಆಶಯದ ಪ್ರವಾದಿ(ಸ)ವಚನ ಅಬೂದಾವೂದ್‌ನಲ್ಲಿದೆ. ಐವತ್ತು ಮಕ್ಕಳಿಗೆ ಒಂದೇ ಬೆಳಗಿನಲ್ಲಿ ಖತ್ನಾ ಮಾಡಿಸಿ, ವೇದಿಕೆಯಲ್ಲಿ ಹಾರ ಹಾಕಿಸಿಕೊಂಡು, ಸಂಜೆ ಶಾಮಿಯಾನ ಬಿಚ್ಚಿದರೆ ಆ ಐವತ್ತು ಗಾಯಗಳನ್ನು ನೋಡುವವರು ಯಾರು? ಎರಡನೆಯ ದಿನ ಮತ್ತು ಏಳನೆಯ ದಿನ ವೈದ್ಯರು ಅದೇ ಸ್ಥಳದಲ್ಲಿ ಒಂದೊಂದು ಗಂಟೆ ಕುಳಿತುಕೊಳ್ಳಲಿ. ರಾತ್ರಿ ಕರೆ ಮಾಡಲು ಒಂದು ನಂಬರ್ ಇರಲಿ, ಅದನ್ನು ಎತ್ತುವವರೂ ಇರಲಿ. ಕನ್ನಡದಲ್ಲೂ ಉರ್ದುವಿನಲ್ಲೂ ಅಚ್ಚು ಮಾಡಿಸಿದ ಒಂದು ಪುಟದ ಸೂಚನೆಯನ್ನು ತಾಯಿಯ ಕೈಗೇ ಕೊಡಲಿ, ಓದಲು ಬಾರದವಳಿಗೆ ಒಬ್ಬ ಸಹೋದರಿ ಓದಿ ಹೇಳಲಿ. ಔತಣದ ಒಂದು ಡೇಗಿನ ಖರ್ಚಿನಲ್ಲಿ ಇದೆಲ್ಲ ಆಗಿಹೋಗುತ್ತದೆ.

ಮುಂದಿನ ಬೇಸಿಗೆ ರಜೆಯ ಶಿಬಿರದ ದಿನಾಂಕವನ್ನು ಮಸೀದಿಯ ಫಲಕದಲ್ಲಿ ಬರೆಯುವಾಗ, ಅದರ ಕೆಳಗೆ ಈ ಎರಡು ದಿನಾಂಕಗಳನ್ನೂ ಬರೆಯಬೇಕೆಂದು ಕಮಿಟಿಯವರಲ್ಲಿ ಕೇಳಿಕೊಳ್ಳುತ್ತೇನೆ. ಇನ್ನು ತಾಯಂದಿರ ಪ್ರಶ್ನೆಗಳಿದ್ದರೆ ಚೀಟಿಯಲ್ಲಿ ಬರೆದು ಕಳುಹಿಸಿ.