ಬೀಗ ಹಾಕಿದ ಬಾಗಿಲು



ಕೆಲಸದ ವೇಳೆಯಲ್ಲಿ ಕಾರ್ಖಾನೆಯ ಬಾಗಿಲಿಗೆ ಬೀಗ ಹಾಕಕೂಡದೆಂಬ ಕಾನೂನು ನ್ಯೂಯಾರ್ಕ್ ರಾಜ್ಯದಲ್ಲಿ 1911ಕ್ಕೆ ಮೊದಲೇ ಇತ್ತು. ಆದರೂ ಆ ವರ್ಷದ ಮಾರ್ಚ್ 25ರಂದು ಅಲ್ಲಿನ ಟ್ರಯಾಂಗಲ್ ಸಿದ್ಧ ಉಡುಪು ಕಾರ್ಖಾನೆಗೆ ಬೆಂಕಿ ಬಿದ್ದಾಗ ಬೀಗ ಹಾಕಿದ ಬಾಗಿಲೇ ಹಲವರ ಸಾವಿಗೆ ಕಾರಣವಾಯಿತು. ಕಾನೂನು ಇರುವುದು ಬೇರೆ, ಅದು ಕಾರ್ಖಾನೆಯೊಳಗೆ ನಡೆಯುವುದು ಬೇರೆ ಎಂಬುದನ್ನು ಈ ದುರಂತ ತೋರಿಸಿಕೊಟ್ಟಿತು.

ಆ ಕಾರ್ಖಾನೆಯಲ್ಲಿ ಹೆಂಗಸರ ಕುಪ್ಪಸಗಳನ್ನು ಹೊಲಿಯುತ್ತಿದ್ದವರು ಬಹುತೇಕ ವಲಸೆ ಬಂದ ಹೆಣ್ಣುಮಕ್ಕಳು. ರಷ್ಯಾ ಸಾಮ್ರಾಜ್ಯದಿಂದ ಬಂದ ಯಹೂದಿಗಳು, ಇಟಲಿಯಿಂದ ಬಂದ ಬಡವರು. ಹಲವರಿಗೆ ಇನ್ನೂ ಇಪ್ಪತ್ತು ತುಂಬಿರಲಿಲ್ಲ. ಇಂಥ ಕಾರ್ಖಾನೆಗಳಲ್ಲಿ ಸೂಜಿ, ದಾರದ ಖರ್ಚನ್ನೂ ಕೂಲಿಯಿಂದ ಮುರಿದುಕೊಳ್ಳುವುದಿತ್ತು. ತಡವಾದರೆ ದಂಡ. ಬಟ್ಟೆ ಕದ್ದಾರೆಂಬ ಅನುಮಾನದಿಂದ ಮನೆಗೆ ಹೊರಟಾಗ ಅವರ ಚೀಲಗಳನ್ನು ತಪಾಸಣೆ ಮಾಡುತ್ತಿದ್ದರು. ಒಂದೇ ಬಾಗಿಲಿನಿಂದ ಎಲ್ಲರನ್ನೂ ಕಳಿಸಿದರೆ ತಪಾಸಣೆ ಸುಲಭ.

ಇದನ್ನು ಅವರು ಮೌನವಾಗಿ ಸಹಿಸಿದರೆಂದು ತಿಳಿಯಬಾರದು. 1909ರ ನವೆಂಬರ್ 22ರಂದು ಕೂಪರ್ ಯೂನಿಯನ್ ಸಭಾಂಗಣದಲ್ಲಿ ಕ್ಲಾರಾ ಲೆಮ್ಲಿಕ್ ಎಂಬ 23ರ ತರುಣಿ ವೇದಿಕೆ ಏರಿ, ತನ್ನ ಯಿಡ್ಡಿಷ್ ಭಾಷೆಯಲ್ಲೇ ಸಾರ್ವತ್ರಿಕ ಮುಷ್ಕರಕ್ಕೆ ಕರೆಕೊಟ್ಟಳು. ಇಪ್ಪತ್ತು ಸಾವಿರಕ್ಕೂ ಹೆಚ್ಚು ಜನ ಕೆಲಸ ಬಿಟ್ಟು ಬೀದಿಗಿಳಿದರು. ಪೊಲೀಸರ ಲಾಠಿ, ಬಾಡಿಗೆ ಗೂಂಡಾಗಳ ಹೊಡೆತ ಎರಡನ್ನೂ ತಿಂದರು. 1910ರ ಫೆಬ್ರವರಿ ವೇಳೆಗೆ ಅನೇಕ ಮಾಲೀಕರು ಸಂಘದೊಡನೆ ಒಪ್ಪಂದ ಮಾಡಿಕೊಂಡರು. ಟ್ರಯಾಂಗಲ್ ಮಾಲೀಕರು ಮಾತ್ರ ಸಂಘವನ್ನು ಮಾನ್ಯ ಮಾಡಲಿಲ್ಲ. ಸರಿಯಾದ ತುರ್ತು ಏಣಿ, ಬೀಗವಿಲ್ಲದ ಬಾಗಿಲು ಬೇಕೆಂಬ ಅಲ್ಲಿನವರ ಬೇಡಿಕೆ ಹಾಗೆಯೇ ಉಳಿಯಿತು.

ಮರುವರ್ಷ, ಶನಿವಾರ ಸಂಜೆ ಕೆಲಸ ಮುಗಿಯುವ ಹೊತ್ತಿಗೆ, ಎಂಟನೆಯ ಮಹಡಿಯಲ್ಲಿ ಚಿಂದಿ ಬಟ್ಟೆಯ ರಾಶಿಗೆ ಬೆಂಕಿ ತಗುಲಿತು. ಹತ್ತನೆಯ ಮಹಡಿಗೆ ದೂರವಾಣಿಯಲ್ಲಿ ಸುದ್ದಿ ಮುಟ್ಟಿತು. ಅಲ್ಲಿದ್ದ ಮಾಲೀಕರು ಛಾವಣಿ ಹತ್ತಿ ಪಾರಾದರು. ಒಂಬತ್ತನೆಯ ಮಹಡಿಗೆ ಯಾರೂ ಸುದ್ದಿ ಮುಟ್ಟಿಸಲಿಲ್ಲ. ಅಲ್ಲಿನ ಒಂದು ಮೆಟ್ಟಿಲಿನ ಬಾಗಿಲಿಗೆ ಬೀಗ ಬಿದ್ದಿತ್ತು. ತುರ್ತು ಏಣಿ ಭಾರ ತಾಳದೆ ಕುಸಿಯಿತು. ಅಗ್ನಿಶಾಮಕ ದಳದ ಏಣಿಗಳು ಆರನೆಯ ಮಹಡಿಗಿಂತ ಮೇಲಕ್ಕೆ ಎಟುಕಲಿಲ್ಲ. ಅನೇಕರು ಕಿಟಕಿಗಳಿಂದ ಕೆಳಕ್ಕೆ ಧುಮುಕಿದರು. ಸತ್ತವರು 146 ಮಂದಿ. ಅವರಲ್ಲಿ 123 ಮಂದಿ ಹೆಂಗಸರು.

ಬಾಗಿಲಿಗೆ ಬೀಗ ಬಿದ್ದಿದ್ದು ಆ ಹೊತ್ತಿನಲ್ಲಿ ಮಾಲೀಕರಿಗೆ ತಿಳಿದಿತ್ತೆಂದು ರುಜುವಾತಾಗದೆ ಅದೇ ಡಿಸೆಂಬರ್‌ನಲ್ಲಿ ಇಬ್ಬರೂ ಖುಲಾಸೆಯಾದರು. 1914ರಲ್ಲಿ ಪರಿಹಾರದ ಮೊಕದ್ದಮೆಗಳು ರಾಜಿಯಾದಾಗ ಸಂದದ್ದು ಒಂದು ಜೀವಕ್ಕೆ 75 ಡಾಲರ್.

ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರೆಂಬ ಗಾದೆ ನಮ್ಮಲ್ಲಿದೆ. ಇಲ್ಲಿ ಪ್ರಾಣ ಹೋದ ಮೇಲೆ ಬಾಗಿಲು ತೆಗೆಸಿದರು. 1911ರಲ್ಲೇ ರಾಜ್ಯ ಸರ್ಕಾರ ಕಾರ್ಖಾನೆಗಳ ತನಿಖಾ ಆಯೋಗ ನೇಮಿಸಿತು. ಅದರ ಫಲವಾಗಿ 1915ರೊಳಗೆ ಮೂವತ್ತಕ್ಕೂ ಹೆಚ್ಚು ಕಾಯಿದೆಗಳು ಬಂದವು. ಬೆಂಕಿಯ ಅಣಕು ತಾಲೀಮು, ನೀರು ಚಿಮ್ಮುವ ಸ್ವಯಂಚಾಲಿತ ಕೊಳವೆಗಳು, ಹೆಂಗಸರಿಗೆ ವಾರಕ್ಕೆ 54 ಗಂಟೆಯ ಮಿತಿ, ಹೆಚ್ಚು ತನಿಖಾಧಿಕಾರಿಗಳು ಇವೆಲ್ಲ ಹೀಗೆ ಬಂದವು. ಬೆಂಕಿಯನ್ನು ಬೀದಿಯಲ್ಲಿ ನಿಂತು ಕಣ್ಣಾರೆ ಕಂಡ ಫ್ರಾನ್ಸಿಸ್ ಪರ್ಕಿನ್ಸ್ ಎಂಬಾಕೆ ಈ ತನಿಖೆಯಲ್ಲಿ ದುಡಿದರು; 1933ರಲ್ಲಿ ಅಮೆರಿಕದ ಕಾರ್ಮಿಕ ಸಚಿವರಾದರು.

ಇನ್ನೊಂದು ಸಂಗತಿಯೂ ನೆನಪಿರಬೇಕು. ಖುಲಾಸೆಯಾದ ಮಾಲೀಕರಲ್ಲೊಬ್ಬ 1913ರಲ್ಲಿ, ಕೆಲಸದ ವೇಳೆಯಲ್ಲಿ ಬಾಗಿಲಿಗೆ ಬೀಗ ಹಾಕಿಸಿ ಮತ್ತೆ ಸಿಕ್ಕಿಬಿದ್ದ. ದಂಡ 20 ಡಾಲರ್. ಬೀಗ ತೆಗೆಸಲು ಕಾನೂನೊಂದೇ ಸಾಲದು. ಒಳಗೆ ದುಡಿಯುವವರಿಗೆ ಅದನ್ನು ಕೇಳುವ ಬಲ ಬೇಕು. 1909ರ ಹೆಣ್ಣುಮಕ್ಕಳು ಬೀದಿಗಿಳಿದದ್ದು ಆ ಬಲಕ್ಕಾಗಿಯೇ.