ಕೀಲುಬೇನೆಯವರೂ ಕೊರೋನಾ ಜ್ವರವೂ

(ಸುವರ್ಣ ಮಹೋತ್ಸವದ ಸಭೆಯಲ್ಲಿ ಮಾಡಿದ ಉಪನ್ಯಾಸ)

 

ಇಂಥ ಸಮಾರಂಭಗಳಲ್ಲಿ ಶಾಸ್ತ್ರವಿಚಾರವನ್ನು ನಿರೂಪಿಸುವುದು ನನ್ನ ವಾಡಿಕೆ. ಇಂದು ಅದನ್ನು ಬಿಟ್ಟು ಒಂದು ರೋಗದ ವಿಷಯವಾಗಿ ನಾಲ್ಕು ಮಾತುಗಳನ್ನು ಅರಿಕೆ ಮಾಡಿಕೊಳ್ಳಲು ಶ್ರೀಗಳವರ ಅಪ್ಪಣೆಯನ್ನು ಬೇಡಿದ್ದೇನೆ. ನಾನು ವೈದ್ಯನಲ್ಲ, ಪಾಠಶಾಲೆಯಲ್ಲಿ ವ್ಯಾಕರಣ ಸಾಹಿತ್ಯಗಳನ್ನು ಓದಿದವನು. ಆದರೆ ಈ ವಿಷಯದಲ್ಲಿ ನನ್ನಿಂದ ಒಂದು ತಪ್ಪು ನಡೆದಿದೆ. ಅದನ್ನು ಭಕ್ತಸಮುದಾಯದ ಮುಂದೆ ಒಪ್ಪಿಕೊಂಡರೆ ಮತ್ತೊಬ್ಬರಾದರೂ ಆ ತಪ್ಪಿನಿಂದ ಉಳಿದಾರು ಎಂಬ ನಂಬಿಕೆಯಿಂದ ಎದ್ದು ನಿಂತಿದ್ದೇನೆ.

ಕೊರೋನಾ ಪಿಡುಗು ತಮಗೆಲ್ಲರಿಗೂ ವಿದಿತವೇ ಆಗಿದೆ. 2020ನೆಯ ಇಸವಿ ಮಾರ್ಚ್ 10ರಂದು ನಮ್ಮ ನೆರೆಯ ಕಲಬುರಗಿಯಲ್ಲಿ ವೃದ್ಧರೊಬ್ಬರು ತೀರಿಕೊಂಡರು. ಭರತಖಂಡದಲ್ಲಿ ಆ ರೋಗದಿಂದಾದ ಮೊದಲನೆಯ ಮರಣವದು. ದುಡಿಮೆಗಾಗಿ ಮಹಾರಾಷ್ಟ್ರಕ್ಕೆ ಹೋಗಿದ್ದ ನಮ್ಮ ದೇವದುರ್ಗ ತಾಲೂಕಿನ ಕೂಲಿಕಾರರು ಅದೇ ವರ್ಷದ ಮೇ ತಿಂಗಳಲ್ಲಿ ಊರಿಗೆ ಹಿಂದಿರುಗಿದಾಗ ಅವರಲ್ಲಿಯೂ ಸೋಂಕು ಕಾಣಿಸಿತು. ಆ ದಿನಗಳಲ್ಲಿ ಎಲ್ಲರಿಗೂ ಭಯವಿತ್ತು; ಕೀಲುಬೇನೆಯಿಂದ ನರಳುವವರಿಗೆ ಮಾತ್ರ ಆ ಭಯವು ಇಮ್ಮಡಿಯಾಗಿತ್ತು. ಅದರ ಕಾರಣವನ್ನು ಮೊದಲು ತಿಳಿಯತಕ್ಕದ್ದು.

ಕೀಲುನೋವುಗಳೆಲ್ಲವೂ ಒಂದೇ ಜಾತಿಯವಲ್ಲ. ವಯಸ್ಸಾದವರ ಮೊಣಕಾಲ ಸವೆತ ಬೇರೆ; 2006ರ ಸುಮಾರಿಗೆ ನಮ್ಮ ಸೀಮೆಯನ್ನು ಕಾಡಿದ ಚಿಕುನ್‌ಗುನ್ಯಾ ಜ್ವರವು ಉಳಿಸಿಹೋದ ನೋವು ಬೇರೆ. ನಾನು ಹೇಳುತ್ತಿರುವುದು ರುಮಟಾಯ್ಡ್ ಸಂಧಿವಾತ, ಲೂಪಸ್ ಮೊದಲಾದ ರೋಗಗಳನ್ನು. ಮಾಧವಕರನು ತನ್ನ ನಿದಾನಗ್ರಂಥದಲ್ಲಿ ಆಮವಾತವೆಂದು ವರ್ಣಿಸಿದ ವ್ಯಾಧಿಯ ಲಕ್ಷಣಗಳು ಬಹುಮಟ್ಟಿಗೆ ಈ ಸಂಧಿವಾತವನ್ನು ಹೋಲುತ್ತವೆ. ಇದು ಗಂಡಸರಿಗಿಂತ ಹೆಂಗಸರಲ್ಲಿ ಎರಡು ಮೂರು ಪಟ್ಟು ಹೆಚ್ಚು. ಮುಂಜಾನೆ ಎದ್ದಾಗ ಬೆರಳುಗಳು ಸೆಟೆದುಕೊಂಡಿರುತ್ತವೆ; ಕೀಲುಗಳು ಬಾತು, ಕಾಲಕ್ರಮದಲ್ಲಿ ಸೊಟ್ಟಗಾಗುತ್ತವೆ. ಕೋಟೆಯನ್ನು ಕಾಯಬೇಕಾದ ಭಟರೇ ದಾರಿತಪ್ಪಿ ಕೋಟೆಯೊಳಗಿನ ಮನೆಗಳಿಗೆ ಬೆಂಕಿಯಿಟ್ಟರೆ ಹೇಗೋ ಹಾಗೆ, ರೋಗಾಣುಗಳೊಡನೆ ಕಾದಬೇಕಾದ ಶರೀರದ ರಕ್ಷಣಶಕ್ತಿಯು ಶರೀರವನ್ನೇ ಹಗೆಯೆಂದು ತಿಳಿಯುವುದು ಈ ರೋಗಗಳ ಸ್ವಭಾವ. ಅದಕ್ಕೆ ಕೊಡುವ ಔಷಧಗಳು ಆ ಭಟರ ಉನ್ಮಾದವನ್ನು ಶಮನಗೊಳಿಸುತ್ತವೆ. ಹಾಗಾದರೆ ಹೊರಗಿನ ಹಗೆಯು ಬಂದಾಗ ಕಾಯುವವರಾರು? ಇದೇ ಆಗಿನ ಶಂಕೆ.

ನನ್ನ ಅಕ್ಕನವರು ಬಹುಕಾಲದಿಂದ ಈ ಸಂಧಿವಾತದ ರೋಗಿಗಳು. ಅವರು ಸೇವಿಸುತ್ತಿದ್ದ ಗುಳಿಗೆಗಳಲ್ಲಿ ಹೈಡ್ರಾಕ್ಸಿಕ್ಲೋರೋಕ್ವಿನ್ ಎಂಬುದೂ ಒಂದು. 2020ರ ಮಾರ್ಚಿಯಲ್ಲಿ ಈ ಗುಳಿಗೆಯು ಕೊರೋನಾವನ್ನು ತಡೆಯುವುದೆಂಬ ವಾರ್ತೆ ಹಬ್ಬಿ, ಜನರು ಮುಗಿಬಿದ್ದು ಕೊಂಡರು. ಸರಕಾರವು ಅದೇ ತಿಂಗಳ 26ರಂದು ಅದರ ಮಾರಾಟವನ್ನು ನಿರ್ಬಂಧಿಸಬೇಕಾಯಿತು. ನಿಜವಾದ ರೋಗಿಗಳಿಗೆ ಅದು ಅಂಗಡಿಯಲ್ಲಿ ದೊರೆಯದೆ ಹೋಯಿತು. ಅದೇ ಜೂನ್ ತಿಂಗಳಲ್ಲಿ ಹೊರಬಂದ ದೊಡ್ಡ ಪರೀಕ್ಷೆಯ ಫಲವನ್ನು ನೋಡಿದರೆ, ಆಸ್ಪತ್ರೆ ಸೇರಿದ ಕೊರೋನಾ ರೋಗಿಗಳಿಗೆ ಅದರಿಂದ ಪ್ರಯೋಜನವೇ ಇರಲಿಲ್ಲ!

ಅಕ್ಕನವರು ನನ್ನನ್ನು ಕೇಳಿದರು, “ತಮ್ಮಾ, ಒಂದು ಗುಳಿಗಿ ಸಿಗವಲ್ಲದು. ಉಳಿದವನ್ನ ತಗೋಬೇಕೋ ಬಿಡಬೇಕೋ?” ನಾನು ಪಂಡಿತನೆಂಬ ಹಮ್ಮಿನಿಂದ, “ಅವು ದೇಹಬಲವನ್ನು ಕುಂದಿಸುವ ಗುಳಿಗೆಗಳು, ಈ ಕಾಲದಲ್ಲಿ ಬಿಡುವುದೇ ಲೇಸು” ಎಂದೆನು. ಅವರು ನನ್ನ ಮಾತನ್ನು ನಂಬಿ ಎಲ್ಲವನ್ನೂ ಬಿಟ್ಟರು. ಕೆಲವು ತಿಂಗಳಲ್ಲಿ ಮೈಯ ಕೀಲುಗಳೆಲ್ಲವೂ ಬಾತವು. ಆ ಉರಿಯನ್ನು ಅಡಗಿಸಲು ವೈದ್ಯರು ಸ್ಟೀರಾಯ್ಡ್ ಔಷಧವನ್ನು ಮೊದಲಿಗಿಂತ ಹೆಚ್ಚಾಗಿ ಕೊಡಬೇಕಾಯಿತು. 2021ರ ಎರಡನೆಯ ಅಲೆಯಲ್ಲಿ ಸೋಂಕು ತಗುಲಿದಾಗ ಅವರು ಅದೇ ಸ್ಥಿತಿಯಲ್ಲಿದ್ದರು. ಹನ್ನೊಂದು ದಿನ ಆಸ್ಪತ್ರೆಯಲ್ಲಿದ್ದು ಬದುಕಿ ಬಂದರು. ಆದರೆ ಎಡಗೈಯ ಬೆರಳುಗಳು ಸೊಟ್ಟಗಾಗಿ, ಅಂಗೈಯು ಇಂದಿಗೂ ಪೂರ್ತಿ ತೆರೆಯುವುದಿಲ್ಲ. ಇಷ್ಟಲಿಂಗವನ್ನು ಕರಸ್ಥಲದಲ್ಲಿ ಇಟ್ಟುಕೊಳ್ಳುವಾಗ ಬಲಗೈಯಿಂದ ಆ ಬೆರಳುಗಳನ್ನು ಒಂದೊಂದಾಗಿ ಬಿಡಿಸುತ್ತಾರೆ. ನಾನು ಎದುರಿಗೆ ಕುಳಿತು ಅದನ್ನು ನಿತ್ಯ ನೋಡುತ್ತೇನೆ. ಅವರು ನನ್ನನ್ನು ಒಮ್ಮೆಯೂ ಆಕ್ಷೇಪಿಸಿಲ್ಲ.

ಅನಂತರ ಬಲ್ಲವರನ್ನು ಕೇಳಿ ತಿಳಿದುದು ಇಷ್ಟು. ನಾನಾ ದೇಶಗಳ ವೈದ್ಯರು ಕೂಡಿ, ಸೋಂಕು ತಗುಲಿದ 3,729 ಮಂದಿ ಇಂಥ ರೋಗಿಗಳ ವೃತ್ತಾಂತವನ್ನು 2021ರಲ್ಲಿ ಪ್ರಕಟಿಸಿದರು. ವಯಸ್ಸು, ಹೃದಯ ಶ್ವಾಸಕೋಶಗಳ ವ್ಯಾಧಿ ಇವುಗಳ ಜೊತೆಗೆ, ಹತೋಟಿಗೆ ಬಾರದೆ ಉರಿಯುತ್ತಿರುವ ಕೀಲುರೋಗವೂ, ದಿನಕ್ಕೆ 10 ಮಿಲಿಗ್ರಾಮಿಗೆ ಮೀರಿದ ಸ್ಟೀರಾಯ್ಡೂ ಮರಣದ ಸಂಭವವನ್ನು ಹೆಚ್ಚಿಸುವುವೆಂದು ಅದರಲ್ಲಿ ಕಂಡುಬಂದಿತು. ರಿಟುಕ್ಸಿಮ್ಯಾಬ್ ಮೊದಲಾದ ಕೆಲವು ಔಷಧಗಳಲ್ಲಿಯೂ ಅಪಾಯವು ಹೆಚ್ಚು. ಮೆಥೊಟ್ರೆಕ್ಸೇಟ್ ಎಂಬ ಸಾಮಾನ್ಯ ಔಷಧದಲ್ಲಿ ಅಂಥ ದೋಷವು ಕಾಣಲಿಲ್ಲ. ನಾನು ಯಾವ ಎರಡನ್ನು ದೂರವಿಡಬೇಕಾಗಿತ್ತೋ ಅವೆರಡನ್ನೇ ಅಕ್ಕನ ಮೈಗೆ ತಂದಿಟ್ಟಿದ್ದೆನೆಂಬುದು ಆಗ ನನಗೆ ಅರಿವಾಯಿತು.

ಇನ್ನೊಂದು ವಿಚಿತ್ರವನ್ನು ಹೇಳಬೇಕು. ಕೊರೋನಾ ಉಲ್ಬಣಿಸಿದಾಗ ರೋಗಿಯ ಸ್ವಂತ ರಕ್ಷಣಶಕ್ತಿಯೇ ಕೆರಳಿ ಶ್ವಾಸಕೋಶವನ್ನು ಸುಡುವುದುಂಟು. ಆದುದರಿಂದ ಟೋಸಿಲಿಜುಮ್ಯಾಬ್, ಬ್ಯಾರಿಸಿಟಿನಿಬ್ ಎಂಬ ಕೀಲುರೋಗದ ಔಷಧಗಳೇ ಅಂಥವರನ್ನು ಉಳಿಸಲು ಒದಗಿದವು. ಡೆಕ್ಸಾಮೆಥಸೋನ್ ಎಂಬ ಸ್ಟೀರಾಯ್ಡು ಆಮ್ಲಜನಕ ಬೇಕಾದವರ ಪ್ರಾಣವನ್ನು ಉಳಿಸಿತು. ಆಮ್ಲಜನಕ ಬೇಡವಾದವರಿಗೆ ಗುಣಕೊಡಲಿಲ್ಲ. ಒಂದೇ ಔಷಧವು ಕಾಲ, ಪ್ರಮಾಣಗಳನ್ನು ಅನುಸರಿಸಿ ಅಮೃತವೂ ಆಗುವುದು, ವಿಷವೂ ಆಗುವುದು. ಆ ಕಾಲವನ್ನೂ ಪ್ರಮಾಣವನ್ನೂ ಬಲ್ಲವನು ವೈದ್ಯನೇ ಹೊರತು ನನ್ನಂಥ ಪಂಡಿತನಲ್ಲ, ನೆರೆಮನೆಯವರೂ ಅಲ್ಲ.

ಜಾಗತಿಕ ಆರೋಗ್ಯ ಸಂಸ್ಥೆಯು 2023ರ ಮೇ 5ರಂದು ತುರ್ತುಸ್ಥಿತಿಯು ಮುಗಿಯಿತೆಂದು ಸಾರಿತು. ರೋಗವು ಮುಗಿಯಿತೆಂದು ಸಾರಲಿಲ್ಲ. ಆದಕಾರಣ ಕೀಲುಬೇನೆಯುಳ್ಳ ತಾಯಂದಿರಲ್ಲಿ ಮೂರು ಮಾತು ವಿಜ್ಞಾಪಿಸುತ್ತೇನೆ. ವೈದ್ಯರನ್ನು ಕೇಳದೆ ಗುಳಿಗೆಯನ್ನು ಬಿಡತಕ್ಕದ್ದಲ್ಲ. ಬಹುದಿನ ಸೇವಿಸಿದ ಸ್ಟೀರಾಯ್ಡನ್ನು ಥಟ್ಟನೆ ನಿಲ್ಲಿಸುವುದಂತೂ ಪ್ರಾಣಕ್ಕೇ ಅಪಾಯ. ಜ್ವರ ಕೆಮ್ಮು ಬಂದರೆ ಮೊದಲ ದಿನವೇ ವೈದ್ಯರಿಗೆ ತಿಳಿಸಿರಿ. ಕೆಲವು ಗುಳಿಗೆಗಳನ್ನು ಆಗ ಕೆಲಕಾಲ ತಡೆಹಿಡಿಯಬೇಕಾಗುವುದುಂಟು, ಅದನ್ನು ಅವರೇ ಹೇಳಲಿ. ಲಸಿಕೆಗೆ ಅಂಜಬೇಡಿರಿ. ನಮ್ಮಲ್ಲಿ ಹೆಚ್ಚಾಗಿ ಕೊಟ್ಟ ಕೋವಿಶೀಲ್ಡ್, ಕೊವ್ಯಾಕ್ಸಿನ್ ಎರಡರಲ್ಲಿಯೂ ಮೈಯಲ್ಲಿ ಬೆಳೆಯಬಲ್ಲ ರೋಗಾಣುವಿರಲಿಲ್ಲ. ಕೆಲವು ಔಷಧಗಳನ್ನು ಸೇವಿಸುವವರಲ್ಲಿ ಲಸಿಕೆಯ ಫಲವು ಕಡಿಮೆಯಾಗುವುದರಿಂದ ಅದರ ಸಮಯವನ್ನು ವೈದ್ಯರೇ ಗೊತ್ತುಮಾಡಬೇಕು.

ಉಳಿದವರಿಗೂ ಒಂದು ಮಾತುಂಟು. ಜಾತ್ರೆಗೂ ದಾಸೋಹದ ಪಂಕ್ತಿಗೂ ನೆಗಡಿ ಕೆಮ್ಮು ಉಳ್ಳವರು ಎರಡು ದಿನ ತಡೆದು ಬಂದರೆ ಭಕ್ತಿಗೆ ಕುಂದಿಲ್ಲ. ಪಕ್ಕದಲ್ಲಿ ಕುಳಿತ ಅಕ್ಕನೊಬ್ಬಳ ಮೈಯಲ್ಲಿ ಕಾವಲು ಸಡಿಲವಾಗಿರಬಹುದು. ತಿಳಿಯದುದನ್ನು ತಿಳಿದವನಂತೆ ಹೇಳಿದ ತಪ್ಪು ನನ್ನದು. ಅದರ ಫಲವನ್ನು ಉಂಡವರು ಮತ್ತೊಬ್ಬರು. ಇಂಥ ತಪ್ಪು ಈ ಸಭೆಯಲ್ಲಿರುವ ಯಾರ ಮನೆಯಲ್ಲಿಯೂ ನಡೆಯದಿರಲೆಂದು ಗುರುಚರಣಗಳಲ್ಲಿ ಬೇಡಿಕೊಂಡು ಮಾತನ್ನು ಮುಗಿಸುತ್ತೇನೆ.